ಮಾಟುಂಗದ ನೆಲ, ಪರಿಹಾರದ ಮೇಲ್ಮನವಿ

1896ರ ಪ್ಲೇಗಿನ ಬಳಿಕ ಮುಂಬಯಿಯ ಇಕ್ಕಟ್ಟಾದ ಕೇರಿಗಳನ್ನು ಕೆಡವಿ ಗಾಳಿಬೆಳಕಿನ ಬಡಾವಣೆಗಳನ್ನು ಕಟ್ಟಲು 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಅದರ ದಾದರ್-ಮಾಟುಂಗ ಯೋಜನೆಯಲ್ಲಿ ಖಾಸಗಿ ಜಮೀನುಗಳು ಸ್ವಾಧೀನವಾಗಿ ನಿವೇಶನಗಳಾದವು.

ಪರಿಹಾರ ನಿಗದಿ ಮಾಡುತ್ತಿದ್ದವರು ಕಲೆಕ್ಟರ್. ಅದನ್ನು ಒಪ್ಪದ ಮಾಲೀಕರಿಗೆ ಟ್ರಸ್ಟಿನ ಕಾಯಿದೆಯಲ್ಲೇ ಮೇಲ್ಮನವಿ ನ್ಯಾಯಮಂಡಳಿಯಿತ್ತು: ಒಬ್ಬ ಅಧ್ಯಕ್ಷ, ಇಬ್ಬರು ಅಸೆಸರ್‌ಗಳು. ಹಳೆಯ ನಗರದ ಮನೆಗಳಿಗೆ ನಿಯಮ ಕಠಿಣವಾಗಿತ್ತು. ಕಟ್ಟಡ ಅನಾರೋಗ್ಯಕರವೆಂದು ಕಂಡರೆ ಅದನ್ನು ಸರಿಪಡಿಸಲು ತಗಲುವ ಖರ್ಚನ್ನು ಪರಿಹಾರದಿಂದಲೇ ಕಳೆಯುತ್ತಿದ್ದರು. ವಾಸಕ್ಕೇ ಅಯೋಗ್ಯವೆನಿಸಿದರೆ ಸಿಗುತ್ತಿದ್ದುದು ಸಾಮಗ್ರಿಯ ಬೆಲೆ ಮಾತ್ರ. ಬಾಡಿಗೆಗಿದ್ದ ಬಡವರ ನಷ್ಟ ಈ ಲೆಕ್ಕದೊಳಗೆ ಬಹುಮಟ್ಟಿಗೆ ಬರಲೇ ಇಲ್ಲ. ವ್ಯವಸ್ಥೆಯ ದೊಡ್ಡ ಅನ್ಯಾಯ ಇದೇ.

1933ರಲ್ಲಿ ಟ್ರಸ್ಟ್ ನಗರಪಾಲಿಕೆಯಲ್ಲಿ ವಿಲೀನವಾಯಿತು. ಅದು ಹದಗೊಳಿಸಿದ ಮಾಟುಂಗದಲ್ಲಿ ತಮಿಳರು, ಗುಜರಾತಿಗಳು, ಕನ್ನಡಿಗರು ನೆಲೆಯೂರಿದರು. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇಂದಿಗೂ ಇರುವುದು ಇಲ್ಲೇ.