ವಿದ್ವಾಂಸರ ಸಹಿ, ವಿದ್ಯಾಪೀಠದ ಮುದ್ರೆ

ವಿಶ್ವವಿದ್ಯಾಲಯದ ಇತಿಹಾಸ ವಿಭಾಗವೋ ಸಮಾಜಶಾಸ್ತ್ರ ವಿಭಾಗವೋ ತನ್ನ ಹೆಸರಿನಲ್ಲೇ ಹೇಳಿಕೆ ಹೊರಡಿಸಿ, ‘ಈ ಯುದ್ಧದಲ್ಲಿ ನ್ಯಾಯ ಇಂಥವರ ಕಡೆಗಿದೆ’ ಎಂದು ಸಾರಬಹುದೆ? ಹಾಗೆ ಸಾರುವುದು ಅದರ ಕರ್ತವ್ಯವೆ, ಇಲ್ಲವೆ ಅಧಿಕಾರ ಮೀರಿದ ಮಾತೆ? 2023ರ ಅಕ್ಟೋಬರ್‌ನಲ್ಲಿ ಹಮಾಸ್ ಇಸ್ರೇಲಿನ ಮೇಲೆ ನಡೆಸಿದ ದಾಳಿ ಹಾಗೂ ಅದರ ಬೆನ್ನಿಗೇ ಗಾಜಾದಲ್ಲಿ ಆರಂಭವಾದ ಯುದ್ಧದ ನಂತರ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಈ ಪ್ರಶ್ನೆ ದೊಡ್ಡ ಜಗಳವಾಗಿಯೇ ಬೆಳೆಯಿತು. ತನ್ನ ಮುಖ್ಯ ಕೆಲಸಕ್ಕೆ ಸಂಬಂಧಿಸದ ಸಾರ್ವಜನಿಕ ವಿಷಯಗಳ ಬಗ್ಗೆ ಇನ್ನು ಮುಂದೆ ಅಧಿಕೃತ ಹೇಳಿಕೆ ಕೊಡುವುದಿಲ್ಲವೆಂದು ಹಾರ್ವರ್ಡ್ 2024ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅದೇ ಜುಲೈನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ, ವಿಭಾಗಗಳ ಜಾಲತಾಣದ ಮುಖಪುಟದಲ್ಲಿ ಇಂಥ ಹೇಳಿಕೆಗಳು ಇರಕೂಡದೆಂದು ನಿಯಮ ಮಾಡಿತು.

ಜಗಳ ಹೊಸದಾಗಿ ಕಂಡರೂ ಪ್ರಶ್ನೆ ಹಳೆಯದು. ಶತಮಾನಕ್ಕೂ ಹಿಂದೆ, ಜಗತ್ತಿನ ಅತಿ ಶ್ರೇಷ್ಠ ವಿಶ್ವವಿದ್ಯಾಲಯಗಳೆಂದು ಹೆಸರಾಗಿದ್ದ ಜರ್ಮನಿಯ ವಿದ್ಯಾಕೇಂದ್ರಗಳು ಇದೇ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿದ್ದವು. ಆ ಉತ್ತರಕ್ಕೆ ತೆತ್ತ ಬೆಲೆ ಎಷ್ಟೆಂಬುದನ್ನು ಇಂದು ಮತ್ತೆ ನೆನೆಯುವುದು ಒಳ್ಳೆಯದು.

‘ಇದು ನಿಜವಲ್ಲ’

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಫ್ರಾನ್ಸನ್ನು ಬೇಗ ಮಣಿಸಬೇಕೆಂಬ ಆತುರದಲ್ಲಿ ಜರ್ಮನಿಯ ಸೇನೆ ತಟಸ್ಥ ರಾಷ್ಟ್ರವಾಗಿದ್ದ ಬೆಲ್ಜಿಯಮ್ಮಿಗೆ ನುಗ್ಗಿತು. ಆಗಸ್ಟ್ 25ರ ರಾತ್ರಿ ಲುವೇನ್ ನಗರಕ್ಕೆ ಬೆಂಕಿ ಬಿತ್ತು. 1425ರಲ್ಲಿ ಸ್ಥಾಪನೆಯಾದ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯ, ಎರಡು ಲಕ್ಷಕ್ಕೂ ಹೆಚ್ಚಿನ ಪುಸ್ತಕಗಳು ಮತ್ತು ಹಸ್ತಪ್ರತಿಗಳೊಡನೆ ಬೂದಿಯಾಯಿತು. ಇನ್ನೂರಕ್ಕೂ ಹೆಚ್ಚು ಮಂದಿ ನಾಗರಿಕರು ಸತ್ತರು. ಪುಸ್ತಕ ಸುಟ್ಟವರು ಅನಾಗರಿಕರೆಂದು ಯುರೋಪಿನ ಪತ್ರಿಕೆಗಳು ಜರ್ಮನಿಯನ್ನು ಹಳಿದವು.

ಇದಕ್ಕೆ ಉತ್ತರವಾಗಿ ಅಕ್ಟೋಬರ್ 4ರಂದು ‘ಸುಸಂಸ್ಕೃತ ಜಗತ್ತಿಗೆ’ ಎಂಬ ಮನವಿಯೊಂದು ಪ್ರಕಟವಾಯಿತು. ಕರಡು ಬರೆದವನು ನಾಟಕಕಾರ ಲುಡ್ವಿಗ್ ಫುಲ್ಡಾ. ಸಹಿ ಹಾಕಿದವರು 93 ಮಂದಿ. ಕ್ಷ-ಕಿರಣ ಕಂಡುಹಿಡಿದ ರಾಂಟ್‌ಜನ್, ಕ್ವಾಂಟಮ್ ಸಿದ್ಧಾಂತದ ಜನಕ ಮ್ಯಾಕ್ಸ್ ಪ್ಲಾಂಕ್, ವೈದ್ಯ ವಿಜ್ಞಾನಿ ಪಾಲ್ ಏರ್‌ಲಿಕ್, ಮನಶ್ಶಾಸ್ತ್ರವನ್ನು ಪ್ರಯೋಗಶಾಲೆಗೆ ತಂದ ವುಂಟ್, ನಾಟಕಕಾರ ಹಾಪ್ಟ್‌ಮನ್, ಇಂದು ನಮ್ಮ ಹೊಲಗಳಿಗೆ ಬೀಳುವ ಯೂರಿಯಾದ ಮೂಲದಲ್ಲಿರುವ ಅಮೋನಿಯಾ ತಯಾರಿಕೆಯ ದಾರಿ ತೋರಿಸಿದ ಫ್ರಿಟ್ಸ್ ಹಾಬರ್, ಇವರೆಲ್ಲ ಆ ಪಟ್ಟಿಯಲ್ಲಿದ್ದರು.

ಮನವಿಯಲ್ಲಿ ಆರು ಸಲ ‘ಇದು ನಿಜವಲ್ಲ’ ಎಂಬ ಮಾತು ಬರುತ್ತದೆ. ಯುದ್ಧಕ್ಕೆ ಜರ್ಮನಿ ಕಾರಣವೆಂಬುದು ನಿಜವಲ್ಲ, ಬೆಲ್ಜಿಯಮ್ಮಿನ ತಟಸ್ಥ ನೀತಿಯನ್ನು ಮುರಿದಿದ್ದು ನಿಜವಲ್ಲ, ಲುವೇನಿನಲ್ಲಿ ಸೇನೆ ಕ್ರೂರವಾಗಿ ನಡೆದುಕೊಂಡಿದ್ದು ನಿಜವಲ್ಲ, ಹೀಗೆ. ವಿಚಿತ್ರವೆಂದರೆ ಬೆಲ್ಜಿಯಮ್ಮಿಗೆ ತಮ್ಮಿಂದ ಅನ್ಯಾಯವಾಗುತ್ತಿದೆ ಎಂಬುದನ್ನು ಜರ್ಮನಿಯ ಛಾನ್ಸಲರ್ ಬೆಟ್‌ಮನ್ ಹೋಲ್ವೆಗ್ ಎರಡು ತಿಂಗಳ ಹಿಂದೆ, ಆಗಸ್ಟ್ 4ರಂದೇ ಸಂಸತ್ತಿನಲ್ಲಿ ಒಪ್ಪಿಕೊಂಡಿದ್ದ. ಮಂತ್ರಿ ಒಪ್ಪಿದ್ದನ್ನು ಮಹಾವಿದ್ವಾಂಸರು ಅಲ್ಲಗಳೆದರು. ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ಹತ್ತು ಸಲ ಪರೀಕ್ಷಿಸದೆ ಬರೆಯದವರು, ತಾವು ಕಣ್ಣಾರೆ ನೋಡದ ಊರಿನಲ್ಲಿ ಏನು ನಡೆಯಿತೆಂಬುದಕ್ಕೆ ಸಾಕ್ಷಿ ನಿಂತರು.

ವ್ಯಕ್ತಿಯಿಂದ ಸಂಸ್ಥೆಗೆ

ಈ 93 ಸಹಿಗಳು ಏನೇ ಆದರೂ ವ್ಯಕ್ತಿಗಳ ಸಹಿಗಳು. ಅಕ್ಟೋಬರ್ 16ರಂದು ಇನ್ನೊಂದು ಘೋಷಣೆ ಹೊರಬಂತು. ಅದು ಜರ್ಮನ್ ಸಾಮ್ರಾಜ್ಯದ ವಿಶ್ವವಿದ್ಯಾಲಯ ಅಧ್ಯಾಪಕರ ಹೆಸರಿನಲ್ಲಿತ್ತು. ವಿಜ್ಞಾನಕ್ಕೂ ಸೇನೆಗೂ ಬೇರೆ ಬೇರೆ ಚೇತನವಿಲ್ಲವೆಂದು ಸಾರಿದ ಈ ಪತ್ರಕ್ಕೆ ಸಹಿ ಹಾಕಿದವರು ಮೂರು ಸಾವಿರಕ್ಕೂ ಹೆಚ್ಚು ಮಂದಿ, ಅಂದರೆ ಆ ದೇಶದ ಅಧ್ಯಾಪಕ ವರ್ಗದ ಬಹುಪಾಲು. ಅಲ್ಲಿಗೆ ಮಾತು ಕೆಲವರದ್ದಾಗಿ ಉಳಿಯಲಿಲ್ಲ. ಅದು ವಿದ್ಯಾಪೀಠದ್ದೇ ಆಯಿತು.

ತಪ್ಪು ಒಂದೇ ಕಡೆಯದೆಂದು ತಿಳಿಯಬೇಕಾಗಿಲ್ಲ. ಆಕ್ಸ್‌ಫರ್ಡಿನ ಆಧುನಿಕ ಇತಿಹಾಸ ವಿಭಾಗದ ಸದಸ್ಯರು ಅದೇ ವರ್ಷ ‘ನಾವೇಕೆ ಯುದ್ಧದಲ್ಲಿದ್ದೇವೆ’ ಎಂಬ ಪುಸ್ತಕ ಹೊರತಂದು ಬ್ರಿಟನ್ನಿನ ವಾದವನ್ನು ಮಂಡಿಸಿದರು. ಮುಖಪುಟದಲ್ಲಿ ಎದ್ದು ಕಾಣುತ್ತಿದ್ದದ್ದು ವಿಭಾಗದ ಹೆಸರು. ದಾಖಲೆಗಳನ್ನು ಜೋಡಿಸಿ ಕೊಟ್ಟಿದ್ದರಿಂದ ಅದು ಜರ್ಮನ್ನರ ಮನವಿಗಿಂತ ಸಂಯಮದ ಕೃತಿಯಾಗಿತ್ತು, ನಿಜ. ಆದರೂ ಯುದ್ಧ ಏಕೆ ಆಯಿತೆಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಿರುವಾಗ, ಮೊದಲ ಕೆಲವೇ ವಾರಗಳಲ್ಲಿ ಒಂದು ಇತಿಹಾಸ ವಿಭಾಗದ ಹೆಸರಿನಲ್ಲಿ ತೀರ್ಪು ಹೊರಬಿದ್ದಿತ್ತು.

ಇದಕ್ಕೆ ಒಪ್ಪದವರು ಇರಲಿಲ್ಲವೆ? ಇದ್ದರು. ಬರ್ಲಿನ್ನಿನ ಶರೀರಶಾಸ್ತ್ರಜ್ಞ ಗೆಯೋರ್ಗ್ ನಿಕೊಲಾಯ್ ‘ಯುರೋಪಿಯನ್ನರಿಗೆ’ ಎಂಬ ಪ್ರತಿ ಮನವಿ ಸಿದ್ಧಪಡಿಸಿದ. ಅದಕ್ಕೆ ಅವನ ಜೊತೆ ಸಹಿ ಹಾಕಿದವರು ಮೂರೇ ಜನ. ಅವರಲ್ಲೊಬ್ಬ ಆಗಷ್ಟೇ ಬರ್ಲಿನ್ನಿಗೆ ಬಂದಿದ್ದ ಆಲ್ಬರ್ಟ್ ಐನ್‌ಸ್ಟೈನ್. ಆ ಪತ್ರ ಜರ್ಮನಿಯಲ್ಲಿ ಅಚ್ಚಾಗಲೇ ಇಲ್ಲ. 1917ರಲ್ಲಿ ಸ್ವಿಟ್ಸರ್‌ಲೆಂಡಿನಲ್ಲಿ ಬೆಳಕು ಕಂಡಿತು. ಯುದ್ಧ ಮುಗಿದ ಮೇಲೂ ನಿಕೊಲಾಯ್‌ಗೆ ಕ್ಷಮೆ ಸಿಗಲಿಲ್ಲ. ಅವನು ಬೋಧಿಸಲು ಯೋಗ್ಯನಲ್ಲವೆಂದು ಬರ್ಲಿನ್ ವಿಶ್ವವಿದ್ಯಾಲಯದ ಸೆನೆಟ್ 1920ರಲ್ಲಿ ತೀರ್ಮಾನಿಸಿತು. ಕೊನೆಗೆ ಅವನು ಅರ್ಜೆಂಟೀನಾಕ್ಕೆ ವಲಸೆ ಹೋದ. ಸಂಸ್ಥೆ ಒಂದು ಅಭಿಪ್ರಾಯವನ್ನು ತನ್ನದೆಂದು ಒಮ್ಮೆ ಸಾರಿದ ಮೇಲೆ, ಅದರೊಳಗೇ ಇದ್ದು ಬೇರೆ ಅಭಿಪ್ರಾಯ ಹೇಳುವವನು ದ್ರೋಹಿಯಾಗುತ್ತಾನೆ ಎಂಬುದಕ್ಕೆ ಇದು ಕಣ್ಣೆದುರಿನ ಉದಾಹರಣೆ.

ಸ್ವಾತಂತ್ರ್ಯದ ನಾಡೆಂದು ಹೇಳಿಕೊಳ್ಳುವ ಕಡೆಗಳಲ್ಲೂ ಇದೇ ನಡೆಯಿತು. ಯುದ್ಧವಿರೋಧಿ ಬರವಣಿಗೆಗಾಗಿ ದಂಡ ತೆತ್ತ ಬರ್ಟ್ರಂಡ್ ರಸೆಲ್‌ನನ್ನು 1916ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಅಧ್ಯಾಪಕ ಹುದ್ದೆಯಿಂದ ತೆಗೆಯಿತು. 1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ನಿಕೋಲಸ್ ಮರ್ರೆ ಬಟ್ಲರ್, ಇದುವರೆಗೆ ಸಹಿಸಿದ್ದನ್ನು ಇನ್ನು ಸಹಿಸಲಾಗದೆಂದು ಘಟಿಕೋತ್ಸವದಲ್ಲೇ ಎಚ್ಚರಿಸಿದ. ಆ ಅಕ್ಟೋಬರ್‌ನಲ್ಲಿ ಕ್ಯಾಟೆಲ್ ಮತ್ತು ಡಾನಾ ಎಂಬ ಇಬ್ಬರು ಪ್ರಾಧ್ಯಾಪಕರು ಕೆಲಸ ಕಳೆದುಕೊಂಡರು. ಇದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟವನು ಇತಿಹಾಸಕಾರ ಚಾರ್ಲ್ಸ್ ಬಿಯರ್ಡ್. ಅವನು ಸ್ವತಃ ಯುದ್ಧದ ಬೆಂಬಲಿಗ. ತನ್ನ ಅಭಿಪ್ರಾಯವೇ ವಿಶ್ವವಿದ್ಯಾಲಯದ ಆಜ್ಞೆಯಾಗುವುದು ಅವನಿಗೆ ಬೇಕಿರಲಿಲ್ಲ.

ತೆತ್ತ ಬೆಲೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ವಿದ್ವಾಂಸರಿಗೂ ಸಲ್ಲುತ್ತದೆ. ಮನವಿಗೆ ಸಹಿ ಹಾಕಿದ್ದ ತನ್ನ ವಿದೇಶಿ ಸದಸ್ಯರನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿ 1915ರಲ್ಲಿ ಪಟ್ಟಿಯಿಂದ ಹೊಡೆದುಹಾಕಿತು. ಯುದ್ಧಾನಂತರ 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಶೋಧನಾ ಮಂಡಳಿ 1926ರವರೆಗೆ ಜರ್ಮನ್ನರಿಗೆ ಬಾಗಿಲು ತೆರೆಯಲಿಲ್ಲ. 1920 ಮತ್ತು 1924ರ ಗಣಿತಜ್ಞರ ವಿಶ್ವ ಸಮ್ಮೇಳನಗಳಿಗೆ ಅವರನ್ನು ಕರೆಯಲಿಲ್ಲ. ಸಹಿ ಹಾಕದ ಎಳೆಯ ಸಂಶೋಧಕರೂ ಹಿರಿಯರ ಸಹಿಯ ಸಾಲ ತೀರಿಸಬೇಕಾಯಿತು.

ಸಹಿ ಹಾಕಿದವರಿಗಾದರೂ ನೆಮ್ಮದಿ ಇತ್ತೆ? 1916ರಲ್ಲೇ ಪ್ಲಾಂಕ್ ಡಚ್ ವಿಜ್ಞಾನಿ ಲೊರೆಂಟ್ಸ್‌ಗೆ ಬರೆದ ಬಹಿರಂಗ ಪತ್ರದಲ್ಲಿ ತನ್ನ ಮಾತನ್ನು ಬಹುಮಟ್ಟಿಗೆ ಸಡಿಲಿಸಿದ. 1921ರ ಹೊತ್ತಿಗೆ ಬದುಕಿದ್ದ 76 ಸಹಿದಾರರಲ್ಲಿ 60 ಮಂದಿ ಒಂದಲ್ಲ ಒಂದು ಬಗೆಯಲ್ಲಿ ವಿಷಾದ ವ್ಯಕ್ತಪಡಿಸಿದ್ದರೆಂದು ಪತ್ರಿಕಾ ವರದಿಯೊಂದು ತಿಳಿಸಿತು. ಮನವಿಯನ್ನು ಓದದೆಯೇ ಹೆಸರು ಕೊಟ್ಟಿದ್ದಾಗಿ ಕೆಲವರು ಹೇಳಿಕೊಂಡರು.

ನಮ್ಮಲ್ಲಿ, 1920ರಲ್ಲಿ

ನಮ್ಮ ದೇಶದಲ್ಲೂ ಇಂಥದೇ ಪ್ರಶ್ನೆ ಎದ್ದಿತ್ತು, ಅದೂ ನ್ಯಾಯ ಯಾರ ಕಡೆಗಿದೆಯೆಂಬ ಬಗ್ಗೆ ಬಹಳ ಜನಕ್ಕೆ ಅನುಮಾನವಿಲ್ಲದಿದ್ದಾಗ. 1920ರಲ್ಲಿ ಅಸಹಕಾರ ಚಳವಳಿಗೆ ಕರೆಕೊಟ್ಟ ಗಾಂಧೀಜಿ, ವಿದ್ಯಾಸಂಸ್ಥೆಗಳು ಸರ್ಕಾರದ ನಂಟು ಬಿಡಬೇಕೆಂದು ಕೇಳಿದರು. ಅಲಿಗಢದ ಕಾಲೇಜಿನ ಆಡಳಿತದವರು ಒಪ್ಪಲಿಲ್ಲ. ಒಪ್ಪಿದ ವಿದ್ಯಾರ್ಥಿಗಳೂ ಅಧ್ಯಾಪಕರೂ ಹೊರಬಂದು ಆ ಅಕ್ಟೋಬರ್ 29ರಂದು ಜಾಮಿಯಾ ಮಿಲಿಯಾ ಇಸ್ಲಾಮಿಯಾ ಕಟ್ಟಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಮದನ ಮೋಹನ ಮಾಳವೀಯರು ಸ್ವತಃ ದೊಡ್ಡ ರಾಷ್ಟ್ರೀಯವಾದಿ. ಆದರೂ ಕಾಲೇಜು ಬಹಿಷ್ಕಾರವನ್ನು ವಿರೋಧಿಸಿ ಸಂಸ್ಥೆಯನ್ನು ನಡೆಸಿಕೊಂಡು ಹೋದರು. ಅಲ್ಲಿ ಅಧ್ಯಾಪಕರಾಗಿದ್ದ ಜೆ.ಬಿ. ಕೃಪಲಾನಿಯವರು ಮಾತ್ರ ಕೆಲವು ವಿದ್ಯಾರ್ಥಿಗಳೊಡನೆ ಹೊರನಡೆದರು. ಹೋಗುವವರು ತಮ್ಮ ಹೆಸರಿನಲ್ಲಿ, ತಮ್ಮ ಹೊಣೆಯ ಮೇಲೆ ಹೋದರು. ಉಳಿದವರ ಹೆಸರನ್ನು ಕೊಂಡೊಯ್ಯಲಿಲ್ಲ. ಇಬ್ಬರಿಗೂ ಮರ್ಯಾದೆ ಉಳಿಯಿತು.

ಶಿಕಾಗೊದ ವರದಿ

ಈ ಅನುಭವಗಳ ಸಾರವನ್ನು ನಿಯಮವಾಗಿ ಬರೆದಿಟ್ಟದ್ದು 1967ರಲ್ಲಿ, ವಿಯೆಟ್ನಾಂ ಯುದ್ಧದ ಕಾವಿನಲ್ಲಿ. ಶಿಕಾಗೊ ವಿಶ್ವವಿದ್ಯಾಲಯ ಕಾನೂನು ಪ್ರಾಧ್ಯಾಪಕ ಹ್ಯಾರಿ ಕಾಲ್ವೆನ್ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ವಿಮರ್ಶೆ ಮಾಡಬೇಕಾದವರು ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು, ವಿಶ್ವವಿದ್ಯಾಲಯ ಆ ವಿಮರ್ಶಕರಿಗೆ ಮನೆ ಮಾತ್ರ ಎಂಬುದು ಸಮಿತಿಯ ನಿಲುವು. ಈ ತತ್ವ ಒಂದೊಂದು ವಿಭಾಗಕ್ಕೂ ಅನ್ವಯಿಸುತ್ತದೆಂದು ಶಿಕಾಗೊದ ಅಧ್ಯಕ್ಷರು 2020ರಲ್ಲಿ ಸ್ಪಷ್ಟಪಡಿಸಿದರು.

ವಿಭಾಗದ ಮಾತು ಬಂದಾಗ ಈ ತರ್ಕ ಇನ್ನಷ್ಟು ಬಲವಾಗುತ್ತದೆ. ಹದಿನೈದು ಮಂದಿಯ ಒಂದು ವಿಭಾಗವನ್ನು ಊಹಿಸಿಕೊಳ್ಳಿ. ಹನ್ನೆರಡು ಮಂದಿ ಒಂದು ಹೇಳಿಕೆಯ ಪರ, ಮೂವರು ವಿರುದ್ಧ. ಆ ಮೂವರಲ್ಲಿ ಒಬ್ಬರ ಹುದ್ದೆ ಇನ್ನೂ ಕಾಯಂ ಆಗಿಲ್ಲ, ಕಾಯಂ ಮಾಡಬೇಕಾದವರು ಉಳಿದ ಹನ್ನೆರಡು ಮಂದಿಯೇ. ಅದೇ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿಗೆ ಮಾರ್ಗದರ್ಶಕರು ಸಹಿ ಹಾಕಿದವರಲ್ಲೊಬ್ಬರು. ಆ ಸಂಘರ್ಷದ ಇನ್ನೊಂದು ಪಕ್ಕದಿಂದ ಬಂದ ಹುಡುಗಿಯ ಉತ್ತರಪತ್ರಿಕೆಯನ್ನು ತಿದ್ದಬೇಕಾದವರೂ ಅವರೇ. ಯಾರೂ ಯಾರನ್ನೂ ಹೆದರಿಸಬೇಕಾಗಿಲ್ಲ, ಗೋಡೆಯ ಮೇಲಿನ ಹೇಳಿಕೆಯೇ ಆ ಕೆಲಸ ಮಾಡುತ್ತದೆ. ಬಹುಮತದಿಂದ ಪಂಚಾಯಿತಿ ನಡೆಸಬಹುದು, ಸತ್ಯವನ್ನು ನಿರ್ಣಯಿಸಲಾಗದು.

ಎದುರು ವಾದವನ್ನೂ ಕೇಳಬೇಕು. ಮೌನಂ ಸಮ್ಮತಿ ಲಕ್ಷಣಂ ಎನ್ನುವುದಿಲ್ಲವೆ? ಅನ್ಯಾಯ ಕಣ್ಣೆದುರಿಗೆ ನಡೆಯುವಾಗ ತಟಸ್ಥವಾಗಿ ಕುಳಿತರೆ ಬಲಶಾಲಿಗೇ ಲಾಭ. ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ವಿರುದ್ಧ ಜಗತ್ತು ಎದ್ದಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1986ರಲ್ಲಿ ಆ ದೇಶದೊಡನೆ ವ್ಯವಹರಿಸುವ ಕಂಪನಿಗಳಿಂದ ತನ್ನ ಹಣ ಹಿಂತೆಗೆಯಲು ನಿರ್ಧರಿಸಿತು. ಶಿಕಾಗೊ ತನ್ನ ತಟಸ್ಥ ತತ್ವಕ್ಕೆ ಅಂಟಿಕೊಂಡು ಹಿಂತೆಗೆಯಲಿಲ್ಲ. ಇಂದು ತಿರುಗಿ ನೋಡಿದಾಗ ಶಿಕಾಗೊದ ನಡೆ ಹೆಮ್ಮೆ ಪಡುವಂಥದೇನಲ್ಲ. ಆದರೆ ಇಲ್ಲೊಂದು ವ್ಯತ್ಯಾಸವಿದೆ. ಹಣ ಹೂಡುವುದು ಸಂಸ್ಥೆಯೇ ಮಾಡುವ ಕೆಲಸ. ತಾನು ಮಾಡುತ್ತಿರುವ ಕೆಲಸಕ್ಕೆ ಸಂಸ್ಥೆ ಉತ್ತರ ಹೇಳಲೇಬೇಕು. ದೂರದ ಯುದ್ಧದಲ್ಲಿ ಯಾರದ್ದು ಸರಿ ಎಂದು ತನ್ನ ಸದಸ್ಯರೆಲ್ಲರ ಪರವಾಗಿ ತೀರ್ಪು ಕೊಡುವುದು ಬೇರೆಯೇ ಮಾತು.

ಸ್ವಂತ ಮನೆಗೆ ಬೆಂಕಿ ಬಿದ್ದಾಗ

ಶಿಕಾಗೊ ವರದಿಯೂ ಮೌನಕ್ಕೆ ಒಂದು ಎಲ್ಲೆ ಹಾಕಿತ್ತು. ವಿಶ್ವವಿದ್ಯಾಲಯದ ಅಸ್ತಿತ್ವಕ್ಕೆ, ಮುಕ್ತ ವಿಚಾರಣೆಯ ಧರ್ಮಕ್ಕೆ ಧಕ್ಕೆ ಬಂದಾಗ ಸಂಸ್ಥೆ ಮಾತಾಡಲೇಬೇಕೆಂದು ಅದು ಹೇಳಿತು. ಈ ಮಾತಿನ ಅರ್ಥ ತಿಳಿಯಲು ಮತ್ತೆ ಜರ್ಮನಿಗೇ ಹೋಗಬೇಕು.

1933ರ ಏಪ್ರಿಲ್ 7ರಂದು ಹಿಟ್ಲರನ ಸರ್ಕಾರ ತಂದ ಕಾನೂನು ಯಹೂದಿ ಅಧ್ಯಾಪಕರನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕತೊಡಗಿತು. ಇದು ಬೆಲ್ಜಿಯಮ್ಮಿನ ವಿಷಯವಲ್ಲ, ಪಕ್ಕದ ಕೊಠಡಿಯ ವಿಷಯ. ಗಟ್ಟಿಂಗೆನ್ನಿನ ನೊಬೆಲ್ ವಿಜ್ಞಾನಿ ಜೇಮ್ಸ್ ಫ್ರಾಂಕ್ ಪ್ರತಿಭಟಿಸಿ ರಾಜೀನಾಮೆ ಕೊಟ್ಟಾಗ, ಅಲ್ಲಿನ 42 ಅಧ್ಯಾಪಕರು ಸಹಿ ಹಾಕಿದ್ದು ಅವನ ಬೆಂಬಲಕ್ಕಲ್ಲ, ಅವನ ಖಂಡನೆಗೆ. ಅದೇ ವರ್ಷದ ನವೆಂಬರ್‌ನಲ್ಲಿ ನೂರಾರು ಪ್ರಾಧ್ಯಾಪಕರು ಹಿಟ್ಲರನಿಗೆ ನಿಷ್ಠೆ ಸಾರುವ ಪತ್ರಕ್ಕೆ ಹೆಸರು ಕೊಟ್ಟರು. ಮಾತಾಡಬಾರದ ಕಡೆ ಮೂರು ಸಾವಿರ ಸಹಿಗಳನ್ನು ಕೂಡಿಸಿದ್ದ ವಿದ್ಯಾಪೀಠಕ್ಕೆ, ಮಾತಾಡಲೇಬೇಕಾದ ಕಡೆ ಬಾಯಿ ಬರಲಿಲ್ಲ. ಸರ್ಕಾರದ ದನಿಗೆ ದನಿಗೂಡಿಸುವ ಅಭ್ಯಾಸ ಬೆಳೆದ ಮೇಲೆ ಬೇರೆ ದನಿ ತೆಗೆಯುವುದು ಸುಲಭವಲ್ಲ.

1914ರಲ್ಲಿ ದೇಶಭಕ್ತಿಯಿಂದ ಸಹಿ ಹಾಕಿದ್ದ ಫ್ರಿಟ್ಸ್ ಹಾಬರ್ ಹುಟ್ಟಿನಿಂದ ಯಹೂದಿ. ಯುದ್ಧದಲ್ಲಿ ಜರ್ಮನಿಗೆ ವಿಷಾನಿಲ ಮಾಡಿಕೊಟ್ಟ ಕಳಂಕವೂ ಅವನ ತಲೆಯ ಮೇಲಿತ್ತು. ತನ್ನ ಸಹೋದ್ಯೋಗಿಗಳನ್ನು ಕಿತ್ತೊಗೆಯಲು ಒಪ್ಪದೆ 1933ರಲ್ಲಿ ರಾಜೀನಾಮೆ ಕೊಟ್ಟು, 1934ರ ಜನವರಿಯಲ್ಲಿ ಪರದೇಶದಲ್ಲಿ ಸತ್ತ. ಒಂದು ವರ್ಷದ ನಂತರ ಬರ್ಲಿನ್ನಿನಲ್ಲಿ ಅವನ ಸ್ಮರಣೆಗೆ ಸಭೆ ಕರೆದವನು ಮ್ಯಾಕ್ಸ್ ಪ್ಲಾಂಕ್, 93 ಸಹಿಗಳಲ್ಲಿ ಇನ್ನೊಂದು ಸಹಿಯ ಮುದುಕ. ಆಗ ಅವನು ಕೈಸರ್ ವಿಲ್‌ಹೆಲ್ಮ್ ವಿಜ್ಞಾನ ಸಂಘದ ಅಧ್ಯಕ್ಷ. ವಿಶ್ವವಿದ್ಯಾಲಯದ ನೌಕರರು ಹೋಗಕೂಡದೆಂದು ಮಂತ್ರಾಲಯ ಅಪ್ಪಣೆ ಮಾಡಿತು. ಭಾಷಣ ಬರೆದಿದ್ದ ಪ್ರಾಧ್ಯಾಪಕನೊಬ್ಬ ಬರಲಾಗದೆ, ಅದನ್ನು ಆಟೊ ಹಾನ್ ಓದಿದ. ಸಭಾಂಗಣ ತುಂಬಿತ್ತು.

ಪ್ಲಾಂಕ್ ಅಂದು ಯಾವ ಯುದ್ಧದ ಬಗ್ಗೆಯೂ ತೀರ್ಪು ಕೊಡಲಿಲ್ಲ. ತನ್ನ ಸಂಸ್ಥೆ ತನ್ನವನೊಬ್ಬನನ್ನು ಮರೆಯುವುದಿಲ್ಲವೆಂದು ತೋರಿಸಿದ, ಅಷ್ಟೆ. ವಿದ್ವಾಂಸ ತನ್ನ ಹೆಸರಿನಲ್ಲಿ ಯಾವ ವಿಷಯದ ಮೇಲೂ ಧೈರ್ಯವಾಗಿ ಮಾತಾಡಲಿ, ಸಹಿ ಹಾಕಲಿ, ಬೇಕಿದ್ದರೆ ಬೀದಿಗೂ ಇಳಿಯಲಿ. ವಿಭಾಗದ ಮುದ್ರೆಯನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ಕಾಯಬೇಕು. ಹಾಗೆ ಕಾಯುವುದು, ಒಳಗಿರುವ ಒಬ್ಬನೇ ಒಬ್ಬ ಭಿನ್ನಮತೀಯನ ಬಾಯಿಯನ್ನು ಯಾರಾದರೂ ಕಟ್ಟಲು ಬಂದ ದಿನ ಅದನ್ನು ಹೊರತೆಗೆಯಬೇಕೆಂದು.