ಕಪಾಟಿನ ಕೀಲಿ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಪ್ರಾಥಮಿಕ ಶಾಲಾ ಗ್ರಂಥಾಲಯಗಳಲ್ಲಿ ಪಾಲಕರ ಪಾತ್ರ

ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳು ಪಠ್ಯಪುಸ್ತಕದ ಆಚೆ ಏನನ್ನೂ ಓದುವುದಿಲ್ಲ ಎಂಬ ದೂರು ಎದ್ದಾಗಲೆಲ್ಲ ಪುಸ್ತಕಗಳ ಕೊರತೆಯೇ ಕಾರಣವೆಂದು ಹೇಳುವುದು ರೂಢಿ. ಸಿಕ್ಕಿರುವ ಪುರಾವೆ ಬೇರೆಯದನ್ನೇ ತೋರಿಸುತ್ತದೆ. ಗ್ರಾಮೀಣ ಶಾಲೆಗಳನ್ನು ಕಣ್ಣಾರೆ ಕಂಡು ದಾಖಲಿಸುವ ಅಸರ್ ಸಮೀಕ್ಷೆಯ ಪ್ರಕಾರ 2018ರಲ್ಲಿ ದೇಶದ ಪ್ರತಿ ನೂರು ಶಾಲೆಗಳ ಪೈಕಿ ಸುಮಾರು 74ರಲ್ಲಿ ಪಠ್ಯೇತರ ಪುಸ್ತಕಗಳಿದ್ದವು; ಸಮೀಕ್ಷೆಯವರು ಹೋದ ದಿನ ಮಕ್ಕಳು ಅವನ್ನು ಬಳಸುತ್ತಿದ್ದದ್ದು ಸುಮಾರು 37 ಶಾಲೆಗಳಲ್ಲಿ ಮಾತ್ರ. 2022ರ ಹೊತ್ತಿಗೆ ಬಳಕೆಯ ಅಂಕಿ 44ಕ್ಕೆ ಏರಿತು. ಏರಿಕೆ ಸಂತೋಷದ್ದೇ, ಆದರೂ ಅರ್ಧಕ್ಕಿಂತ ಹೆಚ್ಚು ಶಾಲೆಗಳಲ್ಲಿ ಆ ದಿನ ಮಗುವಿನ ಕೈಯಲ್ಲಿ ಒಂದು ಕಥೆಪುಸ್ತಕವೂ ಇರಲಿಲ್ಲ. ಇವು ಇಡೀ ದೇಶದ ಅಂಕಿಗಳು. ಅವುಗಳ ಹಿಂದಿನ ಕಾರಣಗಳು ಹಾವೇರಿ ಜಿಲ್ಲೆಗೂ ಹೊರತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳಿರುವ ಗ್ರಂಥಾಲಯ ಬೇಕೆಂದು ವಿಧಿಸುತ್ತದೆ. ಅದೇ ಅನುಸೂಚಿ ಒಂದರಿಂದ ಐದನೆಯ ತರಗತಿವರೆಗೆ ಅರವತ್ತು ಮಕ್ಕಳಿಗೆ ಇಬ್ಬರು ಶಿಕ್ಷಕರೆಂದು ಲೆಕ್ಕ ಹಾಕುತ್ತದೆ. ಹಿರಿಯ ಪ್ರಾಥಮಿಕದಲ್ಲಿ ಮಕ್ಕಳ ಸಂಖ್ಯೆ ನೂರು ದಾಟಿದರೆ ಚಿತ್ರಕಲೆಗೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ, ವೃತ್ತಿ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನೂ ಹೇಳುತ್ತದೆ. ಗ್ರಂಥಪಾಲಕರ ಹೆಸರು ಮಾತ್ರ ಎಲ್ಲಿಯೂ ಬರುವುದಿಲ್ಲ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ ಗೊತ್ತುಮಾಡಿತು. ಹೀಗೆ ಪುಸ್ತಕಕ್ಕೆ ಹಣ ಬಂತು, ಇಡಲು ಕಪಾಟು ಬಂತು, ಕಪಾಟು ತೆರೆಯುವ ಕೈ ಮಾತ್ರ ಬರಲಿಲ್ಲ.

ಆ ಕಪಾಟಿಗೆ ಕೀಲಿ ಏಕೆ ಬೀಳುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ. ಶಾಲೆಗೆ ಬಂದ ಪ್ರತಿ ಪುಸ್ತಕ ದಾಸ್ತಾನು ವಹಿಯಲ್ಲಿ ಕ್ರಮಸಂಖ್ಯೆ ಪಡೆಯುತ್ತದೆ. ವಹಿಗೆ ಮುಖ್ಯೋಪಾಧ್ಯಾಯರು ಹೊಣೆ. ಅವರಿಗೆ ವರ್ಗವಾದರೆ ಚಾರ್ಜ್ ಕೊಡುವಾಗ ವಹಿಯಲ್ಲಿರುವುದೆಲ್ಲ ಕಪಾಟಿನಲ್ಲಿಯೂ ಇರಬೇಕು. ಹನ್ನೆರಡು ಪುಟದ ಚಿತ್ರಪುಸ್ತಕವೊಂದು ಎರಡನೆಯ ತರಗತಿಯ ಮಗುವಿನ ಚೀಲದಲ್ಲಿ ಮನೆಗೆ ಹೋಗಿ, ತಂಗಿಯ ಕೈಗೆ ಸಿಕ್ಕು ಹರಿದರೆ, ಪುಸ್ತಕ ತನ್ನ ಕೆಲಸ ಮಾಡಿದಂತಾಯಿತು. ವಹಿಯ ಲೆಕ್ಕದಲ್ಲಿ ಮಾತ್ರ ಅದು ನಷ್ಟ. ಮಕ್ಕಳಿಗೆ ಪುಸ್ತಕ ಕೊಡದ ಶಿಕ್ಷಕರನ್ನು ಯಾರೂ ಕೇಳುವುದಿಲ್ಲ, ಕೊಟ್ಟು ಕಳೆದುಕೊಂಡವರು ವಿವರಣೆ ಬರೆಯಬೇಕು. ಇದರ ಜೊತೆಗೆ ಒಂದರಿಂದ ಮೂರನೆಯ ತರಗತಿಯವರನ್ನು ಕೂಡಿ ಕೂರಿಸಿದ ನಲಿ-ಕಲಿ, ಬಿಸಿಯೂಟದ ಲೆಕ್ಕ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಇಲ್ಲವೇ ಬಾಳೆಹಣ್ಣು, ಆನ್‌ಲೈನ್ ನಮೂದು ಎಲ್ಲವೂ ಅದೇ ಇಬ್ಬರು ಶಿಕ್ಷಕರ ತಲೆಯ ಮೇಲಿವೆ. ಇಂಥಲ್ಲಿ ಕಪಾಟು ಮುಚ್ಚಿರುವುದನ್ನು ಶಿಕ್ಷಕರ ಸೋಮಾರಿತನವೆಂದು ಕರೆಯುವುದು ಅನ್ಯಾಯ. ವ್ಯವಸ್ಥೆಯೇ ಅವರಿಗೆ ಕಲಿಸಿದ ವಿವೇಕ ಅದು.

ಪಾಲಕರು ಈ ಚಿತ್ರದಲ್ಲಿ ಇಲ್ಲವೆಂದಲ್ಲ. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ ಕರ್ನಾಟಕ ಸರ್ಕಾರ 2001ರಲ್ಲಿಯೇ ಶಾಲೆಗೊಂದು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ರಚಿಸಿತು. ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮು ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಆದರೆ ಆ ಕಲಮು ಸಮಿತಿಗೆ ಕೊಡುವ ಕೆಲಸ ಶಾಲೆಯ ಕಾರ್ಯವನ್ನು ಗಮನಿಸುವುದು, ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು. ಕೂಲಿಗೆ ಹೋಗುವ ತಾಯಿಯೊಬ್ಬರು ಮುಖ್ಯೋಪಾಧ್ಯಾಯರ ಎದುರು ಕುಳಿತು ಖರ್ಚಿನ ಲೆಕ್ಕ ಕೇಳಲಿ ಎಂದು ನಿರೀಕ್ಷಿಸುವುದು ಕಾಗದದ ಮೇಲೆ ಚೆಂದ. ಸಭೆಯಲ್ಲಿ ಅದು ಠರಾವು ಪುಸ್ತಕಕ್ಕೆ ಸಹಿಯೋ ಹೆಬ್ಬೆಟ್ಟೋ ಹಾಕುವುದರಲ್ಲಿ ಮುಗಿಯುತ್ತದೆ. ಈ ಬಗ್ಗೆ ಗಟ್ಟಿ ಪುರಾವೆ ಉತ್ತರ ಪ್ರದೇಶದ ಜೌನ್‌ಪುರದಿಂದ ಬಂದಿದೆ. ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 280 ಗ್ರಾಮಗಳಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗ್ರಾಮ ಶಿಕ್ಷಣ ಸಮಿತಿಯ ಅಧಿಕಾರಗಳ ಬಗ್ಗೆ ಜನರಿಗೆ ತಿಳಿವಳಿಕೆ ಕೊಟ್ಟದ್ದರಿಂದ ಪಾಲಕರ ಪಾಲ್ಗೊಳ್ಳುವಿಕೆಯೂ ಹೆಚ್ಚಲಿಲ್ಲ, ಮಕ್ಕಳ ಓದೂ ಸುಧಾರಿಸಲಿಲ್ಲ. ಇನ್ನೊಂದು ಗುಂಪಿನ ಗ್ರಾಮಗಳಲ್ಲಿ ಊರಿನ ಸ್ವಯಂಸೇವಕರಿಗೆ ಓದಿನ ಶಿಬಿರ ನಡೆಸುವ ಸರಳ ತರಬೇತಿ ಕೊಟ್ಟಾಗ ಜನ ಮುಂದೆ ಬಂದರು, ಶಿಬಿರಕ್ಕೆ ಹೋದ ಮಕ್ಕಳ ಓದು ಗಣನೀಯವಾಗಿ ಮುಂದುವರಿಯಿತು. ಆ ಸ್ವಯಂಸೇವಕರು ಪಾಲಕರೇ ಆಗಿರಬೇಕೆಂದಿರಲಿಲ್ಲ, ಶಿಬಿರಕ್ಕೆ ಬಂದ ಮಕ್ಕಳೂ ಕಡಿಮೆ. ಆದ್ದರಿಂದ ಇದನ್ನು ಹಿಗ್ಗಿಸಿ ಓದಬಾರದು. ಆದರೂ ಒಂದು ಮಾತು ಅದರಿಂದ ಸ್ಪಷ್ಟ: ಉಸ್ತುವಾರಿ ವಹಿಸಿದಾಗ ಹಿಂದೆ ಸರಿಯುವ ಜನ ಕೈಗೆ ನಿಶ್ಚಿತ ಕೆಲಸ ಕೊಟ್ಟಾಗ ಬರುತ್ತಾರೆ. ನನ್ನ ಪ್ರತಿಪಾದನೆ ಇಷ್ಟೇ. ಹಾವೇರಿ ಸೀಮೆಯ ಶಾಲೆಗಳಲ್ಲಿ ಪಾಲಕರಿಗೆ ಕೊಡಬಹುದಾದ ಅತ್ಯಂತ ನಿಶ್ಚಿತ, ಅತ್ಯಂತ ಫಲಕಾರಿ ಕೆಲಸವೆಂದರೆ ವಾರಕ್ಕೊಮ್ಮೆ ಗ್ರಂಥಾಲಯದ ಕಪಾಟು ತೆರೆದು ಪುಸ್ತಕ ಕೊಟ್ಟು ತಗೊಳ್ಳುವುದು.

ಕೆಲಸ ಸಣ್ಣದೆನಿಸಬಹುದು. ಆದರೆ ಎಸ್.ಆರ್. ರಂಗನಾಥನ್ 1931ರಲ್ಲಿ ಮುಂದಿಟ್ಟ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂಬುದು, ಮತ್ತು ಬಳಕೆ ಶುರುವಾಗುವುದು ಈ ಕೊಡು-ಕೊಳ್ಳುವಿಕೆಯಲ್ಲಿ. ನೆಲಕ್ಕೆ ಜಮಖಾನ ಹಾಸಿ ಪುಸ್ತಕಗಳನ್ನು ಮುಖಪುಟ ಕಾಣುವಂತೆ ಹರಡುವುದು, ಮಗು ಆರಿಸಿದ್ದನ್ನು ಅದರ ಹೆಸರಿನ ಮುಂದೆ ಬರೆಯುವುದು, ಹಿಂದಿನ ವಾರದ್ದು ತಂದಿದೆಯೇ ನೋಡುವುದು, ಬೆನ್ನು ಕಿತ್ತದ್ದಕ್ಕೆ ಗೋಂದು ಹಚ್ಚಿ ಇಡುವುದು: ಒಂದು ತಾಸಿನ ಕೆಲಸ. ಶನಿವಾರ ಬೆಳಗಿನ ಶಾಲೆ ಇರುವುದರಿಂದ ಅದು ಬಿಡುವ ಹೊತ್ತಿಗೆ ಇದನ್ನು ಹೊಂದಿಸಿಕೊಂಡರೆ ಪುಸ್ತಕ ಭಾನುವಾರವಿಡೀ ಮನೆಯಲ್ಲಿರುತ್ತದೆ. ಪುಸ್ತಕವನ್ನು ಓದುಗರ ಕೈಗೆ ಮುಟ್ಟಿಸಲು ಒಬ್ಬ ಮನುಷ್ಯ ಬೇಕೇ ಬೇಕೆಂಬ ಅರಿವು ಈ ನೆಲಕ್ಕೆ ಹೊಸದೂ ಅಲ್ಲ. ಹಾವೇರಿ ತಾಲ್ಲೂಕಿನ ಗಳಗನಾಥದ ವೆಂಕಟೇಶ ತಿರಕೊ ಕುಲಕರ್ಣಿಯವರು (1869–1942) ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಕನ್ನಡಕ್ಕೆ ಓದುಗರನ್ನು ಹುಟ್ಟಿಸಿದರು.

ಸಮಯದ ಪ್ರಶ್ನೆ ಮಾತ್ರ ಗಂಭೀರವಾದದ್ದು, ಮತ್ತು ನಗರದ ಅನುಕೂಲವಂತರ ಶಾಲೆಗಳಿಂದ ಎರವಲು ತಂದ ಮಾದರಿಗಳು ಎಡವುವುದು ಇಲ್ಲಿಯೇ. ಬ್ಯಾಡಗಿಯಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮೆಣಸಿನಕಾಯಿ ಸುಗ್ಗಿ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಈ ಕಾಯಿಯ ಮಾರುಕಟ್ಟೆಗೆ ಸೋಮವಾರ, ಗುರುವಾರ ಚೀಲಗಳ ರಾಶಿ ಬೀಳುತ್ತದೆ. ತೊಟ್ಟು ಬಿಡಿಸುವ ಕೆಲಸಕ್ಕೆ ಊರಿನ ಹಾಗೂ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಕೂರುತ್ತಾರೆ. ಬಿಡಿಸಿದಷ್ಟಕ್ಕೆ ಕೂಲಿಯಾದ್ದರಿಂದ ಒಂದು ತಾಸು ಎದ್ದು ಹೋದರೆ ಆ ತಾಸಿನ ದುಡಿಮೆ ಹೋಯಿತು. ರಾಣೆಬೆನ್ನೂರು ತಾಲ್ಲೂಕಿನ ಲೆಕ್ಕ ಬೇರೆ. ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ಈ ತಾಲ್ಲೂಕಿನಲ್ಲಿ ಕ್ರಾಸಿಂಗ್ ಕೆಲಸ ನಡೆಯುವ ವಾರಗಳಲ್ಲಿ ಬಿಡುವೇ ಇಲ್ಲ: ಹತ್ತಿಯ ಹೊಲದಲ್ಲಿ ಸಂಜೆ ಮೊಗ್ಗಿನ ಗಂಡುಭಾಗ ಕಿತ್ತು, ಮರುದಿನ ಬೆಳಿಗ್ಗೆ ಗಂಡುಸಾಲಿನ ಹೂವಿನ ಪರಾಗ ಮುಟ್ಟಿಸಬೇಕು. ಮುಟ್ಟಿಸುವ ಹೊತ್ತೂ ಶಾಲೆಯ ಮೊದಲ ಗಂಟೆಯೂ ಒಂದರ ಮೇಲೊಂದು ಬರುತ್ತವೆ. ತಾಯಿಗಷ್ಟೇ ಅಲ್ಲ, ಹೊಲಕ್ಕೆ ಕರೆದೊಯ್ಯಲಾದ ಮಗುವಿಗೂ ಶಾಲೆ ತಪ್ಪುತ್ತದೆ. ಹಾವೇರಿ ಪಟ್ಟಣದಲ್ಲಿ ಹಮಾಲಿ, ಆಟೊ, ಸಣ್ಣ ವ್ಯಾಪಾರದ ಮನೆಗಳಿಗೆ ಹಂಗಾಮಿನ ಕಟ್ಟಿಗಿಂತ ದಿನದ ಕಟ್ಟು ಹೆಚ್ಚು. ಹೀಗಿರುವಾಗ ಇಡೀ ಜಿಲ್ಲೆಗೆ ಒಂದೇ ದಿನ, ಒಂದೇ ವೇಳೆ ಗೊತ್ತುಮಾಡುವ ಸುತ್ತೋಲೆ ಮೊದಲ ತಿಂಗಳಲ್ಲಿಯೇ ಸೋಲುತ್ತದೆ. ಹತ್ತು-ಹನ್ನೆರಡು ಮನೆಗಳ ಪಾಳಿ ಮಾಡಿಕೊಂಡರೆ ಒಬ್ಬರಿಗೆ ಎರಡು-ಮೂರು ತಿಂಗಳಿಗೊಮ್ಮೆ ಸರದಿ ಬರುತ್ತದೆ. ಸುಗ್ಗಿಯ ತಿಂಗಳುಗಳ ಪಾಳಿ ಹೊಲಕ್ಕೆ ಹೋಗದ ಅಜ್ಜ-ಅಜ್ಜಿಯರದಾಗಲಿ. ಪಾಲಕರೆಂದರೆ ತಾಯಿ-ತಂದೆ ಇಬ್ಬರೇ ಎಂದು ಹಿಡಿಯುವುದಕ್ಕೆ ನಮ್ಮ ಮನೆಗಳಲ್ಲಿ ಆಧಾರವಿಲ್ಲ.

ಓದು ಬಾರದವರು ಗ್ರಂಥಾಲಯದಲ್ಲಿ ಏನು ಮಾಡಿಯಾರು ಎಂಬ ಆಕ್ಷೇಪ ಇಲ್ಲಿ ಸಹಜ. 2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯ ಸಾಕ್ಷರತೆ ಶೇಕಡಾ 77ರ ಆಸುಪಾಸು, ಮಹಿಳೆಯರದು 70ರ ಆಸುಪಾಸು. ಅಂದರೆ ಬಹುತೇಕ ಮನೆಗಳಲ್ಲಿ ಅಕ್ಷರ ಬಲ್ಲವರೊಬ್ಬರು ಇದ್ದೇ ಇದ್ದಾರೆ ಎಂಬುದು ಒಂದು ಉತ್ತರ. ಅದಕ್ಕಿಂತ ಮುಖ್ಯ ಉತ್ತರ ಬೇರೆ. ಪುಸ್ತಕಕ್ಕೆ ದೊಡ್ಡದಾಗಿ ಅಂಟಿಸಿದ ಸಂಖ್ಯೆಯನ್ನು ನೋಡಿ ಗುರುತು ಹಾಕಲು ಹಣದ ಲೆಕ್ಕ ಬಲ್ಲ ಯಾರಿಗೂ ಆದೀತು. ಬರೆಯುವ ಪಾಲನ್ನು ಐದನೆಯ ತರಗತಿಯ ಮಗುವೇ ಮಾಡಬಹುದು. ಓದು ಬಾರದ ತಾಯಿ ಎದುರು ಕುಳಿತು, ಓದಿ ಹೇಳು ಎಂದಾಗ ಆ ಮಗುವಿಗೆ ಸಿಗುವುದು ತಪ್ಪು ಹುಡುಕದೆ ಕೇಳುವ ಕಿವಿ, ತರಗತಿಯಲ್ಲಿ ಎಲ್ಲಕ್ಕಿಂತ ದುರ್ಲಭವಾದ ವಸ್ತು ಅದು. ಇನ್ನು ತಾಂಡಾಗಳ ಲಂಬಾಣಿ ಮನೆಗಳಲ್ಲಿ, ಮೂರೂ ಪಟ್ಟಣಗಳ ಉರ್ದು ಮಾತಾಡುವ ಮನೆಗಳಲ್ಲಿ ಚಿತ್ರ ತೋರಿಸುತ್ತ ಮನೆಮಾತಿನಲ್ಲಿ ಕಥೆ ಹೇಳುವವರು ಶಾಲೆಯೊಳಗೆ ಬಂದರೆ ಕನ್ನಡದ ಪುಟಕ್ಕೆ ಆ ಮಗು ಹತ್ತಿರವಾಗುವ ದಾರಿಯೊಂದು ತೆರೆಯುತ್ತದೆ. ಇಂಥ ಕಥೆ ಹೇಳಲು ಹೊರಗಿನ ತಜ್ಞರಿಗೆ ಬಾರದು.

ಇನ್ನೊಂದು ಆಕ್ಷೇಪವನ್ನು ಹೀಗೆ ಸುಲಭವಾಗಿ ದಾಟಲಾಗದು: ಸರ್ಕಾರ ನೇಮಿಸಬೇಕಾದ ಗ್ರಂಥಪಾಲಕರ ಜಾಗದಲ್ಲಿ ಬಡವರ ಬಿಟ್ಟಿ ದುಡಿಮೆಯನ್ನು ಕೂರಿಸಿದಂತಾಗಲಿಲ್ಲವೇ? ಬಿಸಿಯೂಟದ ಅಡುಗೆಯವರ ಉದಾಹರಣೆ ಕಣ್ಣೆದುರಿಗೇ ಇದೆ. ಸೇವೆಯೆಂಬ ಹೆಸರಿನಲ್ಲಿ ಗೌರವಧನಕ್ಕೆ ನಿಂತ ಆ ಹೆಣ್ಣುಮಕ್ಕಳು ಕನಿಷ್ಠ ವೇತನ ಕೇಳಿ ವರ್ಷಗಟ್ಟಲೆ ಬೀದಿಗಿಳಿಯಬೇಕಾಯಿತು. ಆ ತಪ್ಪು ಮತ್ತೆ ಆಗಬಾರದೆಂದರೆ ಗೆರೆ ಎಳೆಯಲೇಬೇಕು: ಪಾಲಕರ ಕೆಲಸ ತಿಂಗಳಿಗೆ ಒಂದು-ಎರಡು ತಾಸು ಮೀರಬಾರದು, ಕಸ ಗುಡಿಸುವುದು, ಪಾಠ ಮಾಡುವುದು ಅದರಲ್ಲಿ ಸೇರಬಾರದು, ಬಾರದವರ ಮಗುವಿಗೆ ಪುಸ್ತಕ ನಿಲ್ಲಬಾರದು. ಗ್ರಂಥಪಾಲಕರ ಹುದ್ದೆಯ ಬೇಡಿಕೆಯನ್ನು ಇದು ಮುಚ್ಚಿಹಾಕುತ್ತದೆ ಎಂಬ ಭಯಕ್ಕೆ ಜಪಾನಿನ ಅನುಭವ ಸಮಾಧಾನ ಹೇಳುತ್ತದೆ. ಲೇಖಕಿ ಇಶೀ ಮೊಮೊಕೊ 1958ರಲ್ಲಿ ಟೋಕಿಯೊದ ತಮ್ಮ ಮನೆಯಲ್ಲಿ ಕಾತ್ಸುರ ಬುಂಕೊ ಎಂಬ ಮಕ್ಕಳ ಪುಸ್ತಕಮನೆ ತೆರೆದರು. ಮುಂದೆ ತಾಯಂದಿರು ನಡೆಸುವ ಇಂಥ ಬುಂಕೊಗಳು ದೇಶದಾದ್ಯಂತ ಹಬ್ಬಿದವು, ಮತ್ತು ಮಕ್ಕಳಿಗೆ ಒಳ್ಳೆಯ ಸಾರ್ವಜನಿಕ ಗ್ರಂಥಾಲಯ ಬೇಕೆಂದು ಊರಾಡಳಿತವನ್ನು ಒತ್ತಾಯಿಸಿದವರಲ್ಲಿ ಅದೇ ತಾಯಂದಿರು ಮುಂದಿದ್ದರು. ತೆರೆದ ಕಪಾಟನ್ನು ಕಂಡವರೇ ಅದು ಸಾಲದೆಂದು ಕೇಳುತ್ತಾರೆ. ಮುಚ್ಚಿದ ಕಪಾಟಿನ ಮುಂದೆ ಯಾರೂ ಬೇಡಿಕೆಯಿಡುವುದಿಲ್ಲ.

ಕೀಲಿ ಯಾರ ಕೈಗೆ ಹೋಗುತ್ತದೆ ಎಂಬುದು ಜಾತಿಯ ಪ್ರಶ್ನೆಯೂ ಹೌದು. ಒಂದು ಓಣಿಯವರೇ ಪಾಳಿ ಹಿಡಿದುಕೊಂಡರೆ ಇನ್ನೊಂದು ಓಣಿಯ ಮಕ್ಕಳು ಕೊನೆಯ ಸಾಲಿಗೆ ಸರಿಯುತ್ತಾರೆ, ಹೊಸ ಪುಸ್ತಕ ಅವರಿಗೆ ತಲುಪುವಾಗ ಹಳತಾಗಿರುತ್ತದೆ. ಇಚ್ಛೆಯಿದ್ದವರು ಬರಲಿ ಎಂದು ಬಿಟ್ಟರೆ ಆಗುವುದು ಇದೇ. ಪಾಳಿಯ ಪಟ್ಟಿ ಎಲ್ಲ ಓಣಿಗಳಿಂದ, ತಾಂಡಾದಿಂದ, ಕೇರಿಯಿಂದ ಹೆಸರು ಹಿಡಿದು ಚೀಟಿ ಎತ್ತಿ ಆಗಬೇಕು, ಶಾಲೆಯ ಗೋಡೆಯ ಮೇಲೆ ಇರಬೇಕು. ದಲಿತ ಕುಟುಂಬದ ತಾಯಿ ಕೈಯಾರೆ ಕೊಟ್ಟ ಪುಸ್ತಕವನ್ನು ಇಡೀ ಊರಿನ ಮಕ್ಕಳು ಇಸಿದುಕೊಂಡು ಮನೆಗೆ ಒಯ್ಯುವುದು ಓದಿನ ಲೆಕ್ಕಕ್ಕೆ ಹೊರಗಿನ ಗಳಿಕೆ. ನನ್ನ ದೃಷ್ಟಿಯಲ್ಲಿ ಅದು ಓದಿಗಿಂತ ಕಡಿಮೆಯದಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇರುವಾಗ ಶಾಲೆಯ ಕಪಾಟಿನ ಚಿಂತೆ ಏಕೆ ಎನ್ನುವವರಿದ್ದಾರೆ. ರಾಜ್ಯದ ಐದು ಸಾವಿರಕ್ಕೂ ಹೆಚ್ಚಿನ ಈ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಮೇಲೆ ಚೇತರಿಸಿಕೊಂಡವು, 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ದೊಡ್ಡ ಕೆಲಸವೇ. ಆದರೆ ಆ ಗ್ರಂಥಾಲಯ ಪಂಚಾಯಿತಿಗೆ ಒಂದು, ಸಾಮಾನ್ಯವಾಗಿ ಪಂಚಾಯಿತಿ ಕಚೇರಿ ಇರುವ ಊರಿನಲ್ಲಿ. ಪಕ್ಕದ ಹಳ್ಳಿಯ ಏಳು ವರ್ಷದ ಮಗು ರಸ್ತೆ ದಾಟಿ ಅಲ್ಲಿಗೆ ಒಬ್ಬಂಟಿ ಹೋಗಲಾರದು. ಪಂಚಾಯಿತಿ ಗ್ರಂಥಾಲಯದಿಂದ ತಿಂಗಳಿಗೊಂದು ಪೆಟ್ಟಿಗೆ ಪುಸ್ತಕ ಶಾಲೆಗೆ ಬಂದು ಹೋಗುವ ಏರ್ಪಾಡಾದರೆ ಎರಡೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಪಾಳಿಯ ಪಾಲಕರೇ ಆ ಪೆಟ್ಟಿಗೆಯ ಲೆಕ್ಕ ನೋಡಿಕೊಳ್ಳಬಹುದು.

ಇಷ್ಟೆಲ್ಲ ಮಾಡಿದರೂ ದಾಸ್ತಾನು ವಹಿಯ ಭಯ ಹೋಗದಿದ್ದರೆ ಮುಖ್ಯೋಪಾಧ್ಯಾಯರು ಕೀಲಿ ಬಿಡಲಾರರು, ಬಿಡಬೇಕೆಂದು ಒತ್ತಾಯಿಸುವುದೂ ಸರಿಯಲ್ಲ. ಶಿಕ್ಷಣ ಇಲಾಖೆ ಸ್ಪಷ್ಟ ಆದೇಶ ಹೊರಡಿಸಿ, ಪ್ರತಿ ವರ್ಷ ಇಷ್ಟು ಪಾಲು ಮಕ್ಕಳ ಪುಸ್ತಕ ಹರಿದು, ಕಳೆದು ಹೋಗುವುದನ್ನು ಬಳಕೆಯ ಸವೆತವೆಂದು ಒಪ್ಪಬೇಕು. ಎಸ್‌ಡಿಎಂಸಿ ಠರಾವಿನ ಮೇಲೆ ಅವನ್ನು ವಹಿಯಿಂದ ತೆಗೆಯಲು ಅವಕಾಶ ಕೊಡಬೇಕು. ಆಗ ಸಮಿತಿಯ ಸಹಿಗೆ ಒಂದು ತಿರುಳು ಬರುತ್ತದೆ: ಯಾವ ಪುಸ್ತಕ ಯಾರ ಮನೆಯಲ್ಲಿ ಓದಿ ಓದಿ ಹರಿಯಿತು ಎಂದು ತಿಳಿದವರೇ ಸಹಿ ಮಾಡುತ್ತಾರೆ. ಶಾಲೆಗೆ ಭೇಟಿ ಕೊಡುವ ಅಧಿಕಾರಿಗಳೂ ಕಪಾಟಿನಲ್ಲಿ ಎಷ್ಟು ಪುಸ್ತಕಗಳಿವೆ ಎಂದು ಎಣಿಸುವ ಬದಲು ಈ ವಾರ ಎಷ್ಟು ಮನೆಗೆ ಹೋಗಿವೆ ಎಂದು ಕೇಳಲಿ.