ಗಣಪತಿಯ ಸುತ್ತಲಿನ ಬಿಳಿ ಚೌಕ

ಮದುವೆಯ ಕರೆಯೋಲೆ ಕೈಗೆ ಬಂದರೆ ನಾವು ಹೆಂಗಸರು ಮೊದಲು ನೋಡುವುದು ಮುಹೂರ್ತ. ಆಮೇಲೆ, ಯಾರ ಹೆಸರು ಬಿಟ್ಟುಹೋಗಿದೆ ಎಂಬುದು. ತಲೆಯ ಮೇಲೆ ಕೂತ ಗಣಪತಿಯತ್ತ ಯಾರ ಗಮನವೂ ಇಲ್ಲ. ತೊಂಬತ್ತರ ದಶಕದಲ್ಲಿ ಡಿ.ಟಿ.ಪಿ. ಅಂಗಡಿಯಲ್ಲಿ ದುಡಿದು ಸಂಸಾರ ತೂಗಿಸಿದ ನನ್ನ ಕಣ್ಣು ಮಾತ್ರ ಅಲ್ಲಿಗೇ ಹೋಗುತ್ತದೆ: ಗಣಪತಿಯ ಸುತ್ತ ಬಿಳಿ ಚೌಕ ಇದೆಯೋ, ಇಲ್ಲವೋ?

ಮೊಳೆ ಜೋಡಿಸುವ ಕಾಲದಲ್ಲಿ ಈ ತಕರಾರೇ ಇರಲಿಲ್ಲ. ಬ್ಲಾಕಿನ ಉಬ್ಬು ಗೆರೆಗೆ ಯಾವ ಶಾಯಿ ಹತ್ತಿತೋ ಗಣಪತಿ ಆ ಬಣ್ಣ. ಉಳಿದೆಡೆ ಕಾಗದ ಹಾಗೆಯೇ ಕಾಣುತ್ತಿತ್ತು. ತಕರಾರು ಬಂದದ್ದು ಕಂಪ್ಯೂಟರಿನ ಜೊತೆಗೆ. 1984ರಲ್ಲಿ ಅಮೆರಿಕದ ಅಡೋಬಿ ಸಂಸ್ಥೆ ಪುಟವನ್ನು ಪ್ರಿಂಟರಿಗೆ ವಿವರಿಸಲು ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ತಂದಿತು. ಮರುವರ್ಷ ಸಿಯಾಟಲ್‌ನ ಆಲ್ಡಸ್ ಸಂಸ್ಥೆಯ ಪೇಜ್‌ಮೇಕರ್ ಬಂತು. ಪೋಸ್ಟ್‌ಸ್ಕ್ರಿಪ್ಟಿನ ನಿಯಮ ಒರಟು: ಮೇಲೆ ಬಳಿದದ್ದು ಕೆಳಗಿನದನ್ನು ಮುಚ್ಚಲೇಬೇಕು, ಬಿಳಿಯಾದರೂ ಸರಿಯೇ. ಆದರೆ ಅದರಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಇಮೇಜ್‌ಮಾಸ್ಕ್ ಎಂಬ ಆಜ್ಞೆ. ಪೇಟೆಯಲ್ಲಿ ಸಿಗುವ ತೂತಿನ ರಂಗೋಲಿ ಅಚ್ಚು ನಿಮಗೆ ಗೊತ್ತಲ್ಲ? ತೂತಿದ್ದಲ್ಲಿ ಪುಡಿ ಬೀಳುತ್ತದೆ, ಇಲ್ಲದಲ್ಲಿ ನೆಲ ನೆಲವಾಗಿಯೇ ಉಳಿಯುತ್ತದೆ. ಅಚ್ಚಿಗೆ ಸ್ವಂತ ಬಣ್ಣವಿಲ್ಲ, ನೀವು ಹಾಕಿದ್ದೇ ಬಣ್ಣ. ಇದೂ ಹಾಗೆಯೇ.

ಒಬ್ಬ ತಾಯಿಯ ನೆನಪಾಗುತ್ತದೆ. ನಾಲ್ಕು ಮನೆಯ ಮುಸುರೆ ತಿಕ್ಕಿ ಮಗಳ ಮದುವೆಗೆ ಕೂಡಿಟ್ಟವಳು. ಆಗ ಒಂದೊಂದು ಬಣ್ಣಕ್ಕೂ ಬೇರೆ ಪ್ಲೇಟು, ಬೇರೆ ಖರ್ಚು. "ಒಂದೇ ಬಣ್ಣಕ್ಕೆ ದುಡ್ಡೈತ್ರೀ ಅಕ್ಕಾ, ಆದ್ರ ಓಲೆ ಬಣಬಣ ಅನ್ನಬಾರದು" ಎಂದು ತನ್ನ ಮದುವೆಯ ಹಳೆಯ ಓಲೆಯನ್ನೇ ಮುಂದಿಟ್ಟಳು. ಹಳದಿ ಕಾಗದ, ಕುಂಕುಮದ ಶಾಯಿ ಎಂದು ಗೊತ್ತುಮಾಡಿದೆವು. ಗಣಪತಿಯ ಹಿಂದೆ ಅದೇ ಕೆಂಪಿನ ತೆಳು ಛಾಯೆ, ಶೇಕಡಾ ಇಪ್ಪತ್ತು. ಮೇಲೆ ಗಾಢ ಗೆರೆಯ ಗಣಪತಿ. ಪ್ಲೇಟು ಒಂದೇ, ಕಣ್ಣಿಗೆ ಮಾತ್ರ ಎರಡು ಬಣ್ಣ.

ಚಿತ್ರವನ್ನು ಬೂದು ಛಾಯೆಗಳಲ್ಲಿ ಸ್ಕ್ಯಾನ್ ಮಾಡಿದ್ದರೆ ಅದರ ಬಿಳಿಯೂ ಬಣ್ಣವೆಂದೇ ಲೆಕ್ಕವಾಗಿ, ಛಾಯೆಯ ನಡುವೆ ಚೌಕದ ತೇಪೆ ಬೀಳುತ್ತಿತ್ತು. ಬರೀ ಕಪ್ಪು-ಬಿಳುಪಿನ ಒಂದು ಬಿಟ್ ಚಿತ್ರವಾದರೆ ಕಪ್ಪು ನಾವು ಹೇಳಿದ ಬಣ್ಣವಾಗುತ್ತದೆ, ಬಿಳಿ ಮಾಯವಾಗುತ್ತದೆ. ಮಿತವ್ಯಯವೂ ಹೌದು! ಎರಡಂಗುಲದ ಚಿತ್ರ, ಅಂಗುಲಕ್ಕೆ 600 ಚುಕ್ಕಿ ಎಂದರೆ ಇದು 1,80,000 ಬೈಟು. ಬೂದು ಛಾಯೆಯದಾದರೆ ಎಂಟು ಪಟ್ಟು, ಒಂದು ಫ್ಲಾಪಿ ಹೆಚ್ಚುಕಡಿಮೆ ಅದರಲ್ಲೇ ತುಂಬಿತು. ಫ್ಲಾಪಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪ್ರೆಸ್ಸಿಗೆ ಓಡುತ್ತಿದ್ದ ನಮಗೆ ಇದೇನು ಸಣ್ಣ ಲೆಕ್ಕವಲ್ಲ.

1994ರಲ್ಲಿ ಅಡೋಬಿಯು ಆಲ್ಡಸ್ಸನ್ನು ಕೊಂಡಿತು. 1999ರಲ್ಲಿ ಇನ್‌ಡಿಸೈನ್ ಬಂತು. 2002ರ ಅದರ ಎರಡನೆಯ ಆವೃತ್ತಿಯಲ್ಲಿ ನಿಜವಾದ ಪಾರದರ್ಶಕತೆ, ನೆರಳು, ಮಬ್ಬು ಎಲ್ಲ ಬಂದವು. ಪೇಜ್‌ಮೇಕರ್ 2001ರ ಏಳನೆಯ ಆವೃತ್ತಿಗೇ ನಿಂತಿತು. ಈಗಿನ ಓಲೆಗಳಲ್ಲಿ ಗಣಪತಿ ಮಂಜಿನೊಳಗೆ ತೇಲುತ್ತಾನೆ. ನನಗಂತೂ ಮುಖವೇ ಸರಿಯಾಗಿ ಕಾಣುವುದಿಲ್ಲ. ಹಳೆಯ ಯುಕ್ತಿಯನ್ನು ಮಾತ್ರ ಅವರು ಬಿಟ್ಟಿಲ್ಲ. ಇನ್‌ಡಿಸೈನಿನಲ್ಲೂ ಒಂದು ಬಿಟ್ ಗಣಪತಿಯನ್ನು ಬಿಳಿ ಬಾಣದಿಂದ ಹಿಡಿದು ಕುಂಕುಮದ ಬಣ್ಣದ ಮೇಲೆ ಒತ್ತಿದರೆ ಸಾಕು, ಗೆರೆ ಕೆಂಪಾಗುತ್ತದೆ, ಹಿಂದಿನದು ಹಿಂದೆಯೇ ಕಾಣುತ್ತದೆ.